ಫಿಲ್ಮಿನಲ್ಲಿ ಕಾಣದ ಮೂಳೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಮಕ್ಕಳು ಬೀಳುವುದಕ್ಕೆ ಜಾಗ ಹುಡುಕಬೇಕಾಗಿಲ್ಲ. ಮನೆ ಮುಂದೆ ಜಗಲಿ ಇದೆ, ಹಿತ್ತಿಲಲ್ಲಿ ಸೀಬೆ ಮರ ಇದೆ, ವಿಶ್ವೇಶ್ವರಯ್ಯ ನಾಲೆಯ ಏರಿ ಇದೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಓಡಿ ಜಲ್ಲೆ ಎಳೆಯುವ ಆಟ, ಬೇಸಗೆ ರಜೆಯಲ್ಲಿ ಮರಕೋತಿ. ಬೀಳುವ ಮಗು ತನ್ನನ್ನು ಉಳಿಸಿಕೊಳ್ಳಲು ಅಂಗೈ ಮುಂದೆ ಚಾಚುತ್ತದೆ. ಅಂಗೈಗೆ ಬಿದ್ದ ಪೆಟ್ಟು ಮುಂಗೈ ಹಿಡಿದು ಮೇಲೇರಿ ಮೊಣಕೈಗೆ ಬಂದು ಮುಟ್ಟುತ್ತದೆ.

ಇಲ್ಲಿ ಮಾತಾಡುತ್ತಿರುವವರು ಇಬ್ಬರು. ಒಬ್ಬರು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಮುಖ್ಯೋಪಾಧ್ಯಾಯರು. ಆಸ್ಪತ್ರೆಗೋ ಬ್ಯಾಂಕಿಗೋ ಹೋಗಬೇಕಾದರೆ ಊರಿನವರು ಇವತ್ತಿಗೂ ಜೊತೆಗೆ ಕರೆಯುವುದು ಅವರನ್ನೇ. ಇನ್ನೊಬ್ಬರು ಕೆ.ಆರ್. ಪೇಟೆ ಕಡೆಯ ಮೂಳೆ ವೈದ್ಯೆ. ಮಕ್ಕಳ ಕೈಕಾಲಿನ ಮುರಿತ ನೋಡುವುದರಲ್ಲೇ ಅವರ ದಿನದ ಹೆಚ್ಚು ಪಾಲು ಕಳೆಯುತ್ತದೆ. ಮೇಷ್ಟ್ರ ಕೈಯಲ್ಲಿ ದೊಡ್ಡ ಲಕೋಟೆ, ಒಳಗೆ ಪಕ್ಕದ ಮನೆಯ ಆರು ವರ್ಷದ ಹುಡುಗನ ಎಕ್ಸ್-ರೇ. ಹುಡುಗ ಹಿಂದಿನ ಸಂಜೆ ಸೀಬೆ ಮರದಿಂದ ಬಿದ್ದಿದ್ದ. ಫಿಲ್ಮ್ ನೋಡಿದ ಯಾರೋ ಮೂಳೆ ಸರಿಯಿದೆ, ಉಳುಕಿರಬೇಕು ಎಂದಿದ್ದರು. ಊತ ಮಾತ್ರ ಇಳಿದಿರಲಿಲ್ಲ. ಕಟ್ಟು ಹಾಕಿಸಲೇಬೇಕು ಎಂದು ಅಜ್ಜಿ ಹಟ ಹಿಡಿದಿದ್ದರು.

“ಡಾಕ್ಟ್ರಮ್ಮ, ಇದ್ರಲ್ಲಿ ಮುರಿದಿಲ್ಲ ಅಂತಾರೆ. ಮುರೀದೇ ಇದ್ರೆ ಕೈ ಇಷ್ಟು ಯಾಕೆ ಊದ್ಕಬೇಕು?”

ವೈದ್ಯೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಮುರಿದಿಲ್ಲ ಅಂತ ಈ ಫಿಲ್ಮ್ ಹೇಳ್ತಿಲ್ಲ ಮೇಷ್ಟ್ರೇ. ಮುರಿದಿರೋ ಜಾಗ ಇದಕ್ಕೆ ಪೂರ್ತಿ ಕಾಣಲ್ಲ, ಅಷ್ಟೇ.”

“ಕಾಣದೇ ಇರೋ ಮೂಳೆ ಅಂದ್ರೆ?”

“ಎಳನೀರು ಕೆತ್ತಿದಾಗ ಒಳಗೆ ತೆಳ್ಳಗೆ ಗಂಜಿ ಇರುತ್ತಲ್ಲ, ಬಲೀತಾ ಬಲೀತಾ ಅದೇ ಗಟ್ಟಿ ಕಾಯಾಗುತ್ತೆ. ಮಗುವಿನ ಮೊಣಕೈಯೂ ಮೊದಲು ಎಳೆಮೂಳೆ. ಆಕಾರ ಪೂರ್ತಿ ಇರುತ್ತೆ, ಸುಣ್ಣದಂಶ ಇನ್ನೂ ತುಂಬಿರೋದಿಲ್ಲ. ಸುಣ್ಣದಂಶ ಇರೋ ಕಡೆ ಮಾತ್ರ ಎಕ್ಸ್-ರೇಯಲ್ಲಿ ಬೆಳ್ಳಗೆ ಬೀಳುತ್ತೆ. ಆಗ ತಾನೇ ಹುಟ್ಟಿದ ಕೂಸಿನ ಮೊಣಕೈ ಎಕ್ಸ್-ರೇ ನೋಡಿದ್ರೆ ಮೇಲೆ ತೋಳಿನ ಮೂಳೆ, ಕೆಳಗೆ ಮುಂಗೈಯ ಎರಡು ಮೂಳೆ, ನಡುವೆ ಬರೀ ಖಾಲಿ. ಆ ಖಾಲಿ ಜಾಗದಲ್ಲೇ ಇಡೀ ಕೀಲು ಕೂತಿರುತ್ತೆ.”

ಆ ಖಾಲಿ ಜಾಗ ತುಂಬುವುದಕ್ಕೆ ಒಂದು ಕ್ರಮವಿದೆ. ಮೊಣಕೈಯ ಎಳೆಮೂಳೆಯಲ್ಲಿ ಆರು ಕಡೆ, ಒಂದಾದ ಮೇಲೊಂದು, ಗಟ್ಟಿಮೂಳೆಯ ಚುಕ್ಕಿ ಮೂಡುತ್ತದೆ. ತೋಳಿನ ಮೂಳೆಯ ಕೆಳತುದಿಯ ಹೊರಭಾಗದ ಕ್ಯಾಪಿಟೆಲ್ಲಮ್ ಸುಮಾರು ಒಂದು ವರ್ಷಕ್ಕೆ, ಮುಂಗೈಯ ರೇಡಿಯಸ್ ಮೂಳೆಯ ತಲೆ ಮೂರಕ್ಕೆ, ಒಳಬದಿಯ ಗಂಟು ಐದಕ್ಕೆ, ತೋಳಿನ ಮೂಳೆಯ ಕೆಳತುದಿಯ ಒಳಭಾಗದ ಟ್ರಾಕ್ಲಿಯ ಏಳಕ್ಕೆ, ಹಿಂದಿನ ಮೊಣಕೈ ಮೊನೆ ಒಂಬತ್ತಕ್ಕೆ, ಹೊರಬದಿಯ ಗಂಟು ಹನ್ನೊಂದಕ್ಕೆ. ಹೆಣ್ಣುಮಕ್ಕಳಲ್ಲಿ ಇವು ಒಂದೆರಡು ವರ್ಷ ಮುಂಚೆಯೇ ಕಾಣಿಸಿಕೊಳ್ಳಬಹುದು. ವೈದ್ಯಕೀಯ ವಿದ್ಯಾರ್ಥಿಗಳು ಈ ಆರರ ಮೊದಲಕ್ಷರಗಳನ್ನು ಜೋಡಿಸಿ ಬಾಯಿಪಾಠ ಮಾಡುತ್ತಾರೆ. ಮೇಷ್ಟ್ರಿಗೆ ಅದೂ ಬೇಕಾಗಲಿಲ್ಲ.

“ಒಂದು, ಮೂರು, ಐದು, ಏಳು, ಒಂಬತ್ತು, ಹನ್ನೊಂದು. ಬೆಸ ಸಂಖ್ಯೆ ಮಗ್ಗಿ ಇದ್ದಂಗದೆ. ಆದ್ರೆ ಇದರಿಂದ ಉಪಯೋಗ ಏನು?”

“ಉಪಯೋಗ ಬೇಕಾದಷ್ಟಿದೆ. ಹತ್ತು ವರ್ಷದ ಹುಡುಗ ಬಿದ್ದು ಮೊಣಕೈ ಕೀಲು ತಪ್ಪಿದೆ, ಕೂರಿಸಿದ್ದಾರೆ ಅಂತಿಟ್ಟುಕೊಳ್ಳಿ. ಫಿಲ್ಮ್‌ನಲ್ಲಿ ಏಳು ವರ್ಷಕ್ಕೆ ಮೂಡೋ ಚುಕ್ಕಿ ಇದೆ, ಐದಕ್ಕೆ ಮೂಡಬೇಕಾದ ಒಳಗಂಟು ಕಾಣ್ತಿಲ್ಲ. ಆಗ ಅದು ಇನ್ನೂ ಹುಟ್ಟಿಲ್ಲ ಅಂತಲ್ಲ, ಕಿತ್ತುಬಂದು ಕೀಲಿನ ಒಳಗೆ ಸಿಕ್ಕಿಹಾಕ್ಕೊಂಡಿರಬಹುದು. ಈ ವರಸೆ ಗೊತ್ತಿಲ್ಲದವರು ಕೀಲು ಕೂತಿದೆ ಅಂತ ಮನೆಗೆ ಕಳಿಸಿಬಿಡ್ತಾರೆ.”

“ನಮ್ಮ ಹುಡುಗನದ್ದು?”

“ಆರು ವರ್ಷ ಅಂದ್ರಲ್ಲ, ಮೂರು ಚುಕ್ಕಿ ಇರಬೇಕು, ಇವೆ. ಈಗ ಇಲ್ಲಿ ನೋಡಿ.” ತೋಳಿನ ಮೂಳೆಯ ಹಿಂದೆ ಕಪ್ಪಗೆ ತೆಳುವಾದ ನೆರಳೊಂದಿತ್ತು. ಕೀಲಿನ ಒಳಗೆ ರಕ್ತ ತುಂಬಿಕೊಂಡಾಗ ಗುಳಿಯಲ್ಲಿದ್ದ ಕೊಬ್ಬು ಹೊರಕ್ಕೆ ತಳ್ಳಿಸಿಕೊಂಡು ಹೀಗೆ ಕಾಣುತ್ತದೆ. ಮಾಮೂಲಿ ಮೊಣಕೈಯಲ್ಲಿ ಹಿಂಬದಿಯ ಈ ನೆರಳು ಕಾಣುವುದಿಲ್ಲ. ಬಿದ್ದ ಮಗುವಿನ ಫಿಲ್ಮಿನಲ್ಲಿ ಇದು ಕಂಡರೆ, ಗೆರೆ ಕಾಣದಿದ್ದರೂ ಎಲ್ಲೋ ಮುರಿದಿದೆ ಎಂದೇ ಹಿಡಿಯಬೇಕು. ವೈದ್ಯೆಯ ಬೆರಳು ಅಲ್ಲಿಂದ ಹೊರ ಅಂಚಿಗೆ ಸರಿಯಿತು. ಉಗುರಿನ ಚೂರಿನಷ್ಟು ತೆಳ್ಳಗಿನ ಬಿಳಿ ಸಿಬಿರು ಅಲ್ಲಿತ್ತು.

“ಇಷ್ಟು ಚಿಕ್ಕದಾ?”

“ಕಾಣೋದು ಇಷ್ಟು. ಇದಕ್ಕೆ ಅಂಟಿಕೊಂಡಿರೋ ಎಳೆಮೂಳೆಯ ದೊಡ್ಡ ಗಡ್ಡೆ ಕಾಣ್ತಿಲ್ಲ. ತೋಳಿನ ಮೂಳೆಯ ಹೊರಗಂಟು, ನಾವು ಲ್ಯಾಟರಲ್ ಕಾಂಡೈಲ್ ಅಂತೀವಿ, ಅದೇ ಬಿರುಕು ಬಿಟ್ಟಿರಬಹುದು ಅನ್ನೋ ಅನುಮಾನ ನನಗೆ. ಬಿರುಕು ಮೇಲಿನ ಗಟ್ಟಿಮೂಳೆಯಲ್ಲಿ ಶುರುವಾಗಿ, ಬೆಳೆಯೋ ಪದರವನ್ನ ಸೀಳಿಕೊಂಡು, ಕೀಲಿನ ಒಳಮುಖದವರೆಗೂ ಇಳಿದಿರುತ್ತೆ.”

ಬೆಳೆಯುವ ಪದರವನ್ನು ಆಸ್ಪತ್ರೆಯಲ್ಲಿ ಎಲ್ಲರೂ ಗ್ರೋತ್ ಪ್ಲೇಟ್ ಎಂದೇ ಕರೆಯುತ್ತಾರೆ. ಮೂಳೆಯ ತುದಿಗೂ ಕಾಂಡಕ್ಕೂ ನಡುವೆ ಇರುವ ಈ ಎಳೆಮೂಳೆಯ ತೆಳು ಪದರದಲ್ಲೇ ಹೊಸ ಮೂಳೆ ತಯಾರಾಗಿ ಮಗು ಉದ್ದ ಬೆಳೆಯುವುದು. ಮಗುವಿನ ಕೀಲಿನ ಬಳಿ ಅತಿ ದುರ್ಬಲ ಜಾಗವೂ ಇದೇ, ಸುತ್ತಲಿನ ಕಟ್ಟುನರಗಳು ಇದಕ್ಕಿಂತ ಗಟ್ಟಿ. ದೊಡ್ಡವರಲ್ಲಿ ಕಟ್ಟುನರ ಹರಿಯುವಂಥ ಪೆಟ್ಟಿಗೆ ಮಕ್ಕಳಲ್ಲಿ ಈ ಪದರ ಬಿಡುತ್ತದೆ. ಆದ್ದರಿಂದಲೇ ಊದಿಕೊಂಡ ಮೊಣಕೈ ಇರುವ ಮಗುವಿಗೆ ಬರೀ ಉಳುಕು ಎಂದು ಹೇಳುವ ಮುನ್ನ ಹತ್ತು ಸಲ ಯೋಚಿಸಬೇಕು. ಕೆನಡಾದ ಟೊರಾಂಟೊದಲ್ಲಿದ್ದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು 1963ರಲ್ಲಿ ಈ ಪದರದ ಮುರಿತಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಪದರದ ಉದ್ದಕ್ಕೂ ನಾಜೂಕಾಗಿ ಬಿಟ್ಟುಕೊಂಡ ಮೊದಲ ಬಗೆಯಿಂದ ಪದರವೇ ಜಜ್ಜಿಹೋದ ಐದನೆಯ ಬಗೆಯವರೆಗೆ ಅದು ಸಾಗುತ್ತದೆ. ಮೊಣಕೈಯ ಹೊರಗಂಟಿನ ಮುರಿತ ಸಾಮಾನ್ಯವಾಗಿ ನಾಲ್ಕನೆಯದಕ್ಕೆ ಸೇರುತ್ತದೆ. ಕಾಂಡ, ಪದರ, ಕೀಲಿನ ಮುಖ, ಮೂರನ್ನೂ ದಾಟುವ ಮುರಿತ ಅದು. ಮಕ್ಕಳ ಮೊಣಕೈ ಮುರಿತಗಳಲ್ಲಿ ಗಂಟಿನ ಮೇಲ್ಭಾಗದ ಮುರಿತ ಮೊದಲನೆಯದಾದರೆ ಹೊರಗಂಟಿನದು ಎರಡನೆಯದು. ಆರು ವರ್ಷದ ಆಸುಪಾಸಿನಲ್ಲೇ ಇದು ಹೆಚ್ಚು.

ಮೇಷ್ಟ್ರು ಊರಿನವರೆಲ್ಲ ಹೇಳುವ ಮಾತನ್ನೇ ಮುಂದಿಟ್ಟರು. “ಎಳೆ ಮೂಳೆ ತಾನೆ ಡಾಕ್ಟ್ರಮ್ಮ, ಬೆಳೀತಾ ಬೆಳೀತಾ ಸರಿಹೋಯ್ತದೆ ಅಂತಾರೆ. ನಮ್ಮ ಶಾಲೇಲಿ ಮಣಿಕಟ್ಟು ಮುರ್ಕೊಂಡ ಎಷ್ಟೋ ಮಕ್ಕಳಿಗೆ ಸೊಟ್ಟ ಇದ್ದದ್ದು ವರ್ಷ ಎರಡು ವರ್ಷದಲ್ಲಿ ನೆಟ್ಟಗಾಗಿದ್ದನ್ನ ನಾನೇ ಕಂಡಿವ್ನಿ.”

“ಮಣಿಕಟ್ಟಿನ ವಿಷಯದಲ್ಲಿ ನೀವು ಕಂಡಿದ್ದು ನಿಜ. ತೋಳಿನ ಮೂಳೆ ಉದ್ದ ಬೆಳೆಯೋದರಲ್ಲಿ ಶೇಕಡಾ 80ರಷ್ಟು ಭುಜದ ಕಡೆಯಿಂದ. ಮೊಣಕೈ ಕಡೆಯಿಂದ 20 ಮಾತ್ರ. ಮುಂಗೈಯಲ್ಲಿ ತಿರುಗಾಮುರುಗ, ಹೆಚ್ಚು ಬೆಳವಣಿಗೆ ಮಣಿಕಟ್ಟಿನ ಕಡೆ. ಅಂದ್ರೆ ಭುಜ, ಮಣಿಕಟ್ಟು ಎರಡೂ ಕಡೆ ಬೆಳವಣಿಗೆ ಜೋರು, ಸೊಟ್ಟ ತಾನಾಗೇ ತಿದ್ದಿಕೊಳ್ಳುತ್ತೆ. ಮೊಣಕೈಗೆ ಆ ಶಕ್ತಿ ಕಮ್ಮಿ. ಅಲ್ಲಿ ಹೇಗೆ ಕೂಡಿಕೊಂಡಿತೋ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ.”

ಮಣಿಕಟ್ಟಿನ ಅನುಭವವನ್ನು ಮೊಣಕೈಗೆ ಅನ್ವಯಿಸಿ ಕಾಯುತ್ತ ಕೂತ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಹೊರಗಂಟಿಗೆ ಇನ್ನೂ ಎರಡು ತೊಂದರೆಗಳಿವೆ. ಮುರಿತ ಕೀಲಿನ ಒಳಗಿರುವುದರಿಂದ ಕೀಲಿನ ಜಿಗುಟು ದ್ರವ ಸಂದಿನಲ್ಲಿ ಹರಿದಾಡಿ ಮೂಳೆ ಕೂಡಿಕೊಳ್ಳುವುದನ್ನು ತಡೆಯುತ್ತದೆ. ಬೆರಳು, ಮಣಿಕಟ್ಟು ಎತ್ತುವ ಮುಂಗೈಯ ಸ್ನಾಯುಗಳು ಅದೇ ಗಂಟಿಗೆ ಅಂಟಿರುವುದರಿಂದ, ಬಿಟ್ಟುಕೊಂಡ ಚೂರನ್ನು ಅವು ಎಳೆಯುತ್ತಲೇ ಇರುತ್ತವೆ. ಮಗು ಬೆರಳಾಡಿಸಿದಾಗಲೆಲ್ಲ ಆ ಎಳೆತ ಇದ್ದೇ ಇದೆ. ಚೂರು ತಿರುಗಿ ನಿಲ್ಲಬಹುದು.

“ಹಂಗಾದ್ರೆ ಈಗ ಏನು ಮಾಡ್ಬೇಕು?”

“ಇವತ್ತೇ ಇನ್ನೊಂದು ಎಕ್ಸ್-ರೇ. ನೇರವಾಗಿ ಒಂದು, ಪಕ್ಕದಿಂದ ಒಂದು ತೆಗೆದಿದ್ದಾರೆ. ಕೈಯನ್ನ ಸ್ವಲ್ಪ ಒಳಕ್ಕೆ ತಿರುಗಿಸಿ ಓರೆಯಾಗಿ ತೆಗೆಯೋದು ಒಂದಿದೆ, ಇಂಟರ್ನಲ್ ಆಬ್ಲಿಕ್ ಅಂತ. ಹೊರಗಂಟಿನ ಸಂದು ಸರಿಯಾಗಿ ಕಾಣೋದು ಅದರಲ್ಲೇ. ಅನುಮಾನ ಬಂದ್ರೆ ಚೆನ್ನಾಗಿರೋ ಕೈದೂ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡ್ತೀವಿ. ಸಂದು ಎರಡು ಮಿಲಿಮೀಟರಿಗಿಂತ ಕಮ್ಮಿ ಇದ್ದು, ಒಳಗಿನ ಎಳೆಮೂಳೆ ಹರಿದಿಲ್ಲ ಅಂದ್ರೆ ಕಂಕುಳ ಕೆಳಗಿಂದ ಅಂಗೈವರೆಗೆ ಸ್ಲ್ಯಾಬೋ ಪ್ಲಾಸ್ಟರೋ ಸಾಕು, ನಾಲ್ಕರಿಂದ ಆರು ವಾರ. ಅದಕ್ಕಿಂತ ಹೆಚ್ಚು ಬಿಟ್ಟುಕೊಂಡಿದ್ರೆ, ಚೂರು ತಿರುಗಿದ್ರೆ, ಆಪರೇಷನ್.”

“ಎರಡು ಮಿಲಿಮೀಟರು! ಸ್ಕೇಲಿನಲ್ಲಿ ಎರಡು ಗೀಟು.”

“ಎರಡೇ ಗೀಟು. ಆ ಎರಡು ಗೀಟು ಇವತ್ತು ಇಲ್ಲದೇ ಇರಬಹುದು, ಮುಂದಿನ ವಾರ ಇರಬಹುದು. ನನಗೆ ಕಷ್ಟ ಆಗೋದು ಅಲ್ಲೇ ಮೇಷ್ಟ್ರೇ.”

ಸ್ಲ್ಯಾಬ್ ಹಾಕಿ ಮೂರ್ನಾಲ್ಕು ದಿನಕ್ಕೆ ಮಗುವಿನ ನೋವು ಹೋಗುತ್ತದೆ. ಊತ ಇಳಿಯುತ್ತದೆ. ಇಳಿದ ಊತಕ್ಕೆ ಸ್ಲ್ಯಾಬ್ ಸಡಿಲವಾಗುತ್ತದೆ, ಒಳಗೆ ಚೂರು ಸದ್ದಿಲ್ಲದೆ ಜಾರುತ್ತದೆ. ಮಗು ಆಡಿಕೊಂಡಿದೆ, ಮನೆಯವರಿಗೆ ಸಮಾಧಾನ. ಐದರಿಂದ ಏಳು ದಿನದೊಳಗೆ ಮತ್ತೆ ಬಂದು ಎಕ್ಸ್-ರೇ ತೆಗೆಸಿ ಎಂದು ಚೀಟಿಯಲ್ಲಿ ಬರೆದದ್ದು ಗೂಡಿನಲ್ಲಿ ಉಳಿಯುತ್ತದೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಕಾಯಬೇಕು, ನಾಟಿ ಕೆಲಸ ಇದೆ. ಆರು ವಾರವಾದ ಮೇಲೆ ಪ್ಲಾಸ್ಟರ್ ಬಿಚ್ಚಿಸಲು ಬಂದಾಗ ಚೂರು ಬೇರೆ ಕಡೆ ನಿಂತಿರುತ್ತದೆ. ಮೊದಲ ಎಕ್ಸ್-ರೇಗೆ ಇಡೀ ಮನೆ ಓಡಿಬರುತ್ತದೆ, ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಈ ಮುರಿತದಲ್ಲಿ ಕೈ ಉಳಿಸುವುದು ಬಹುಪಾಲು ಆ ಎರಡನೆಯ ಎಕ್ಸ್-ರೇ. ಮೊದಲ ಎರಡು ಮೂರು ವಾರ ವಾರಕ್ಕೊಂದು ತೆಗೆಸಿದರೂ ಹೆಚ್ಚಾಗದು. ಮೊಣಕೈಯ ಎಕ್ಸ್-ರೇಯಲ್ಲಿ ಮೈಗೆ ತಗಲುವ ವಿಕಿರಣ ಬಹಳ ಸ್ವಲ್ಪ. ಆ ಹೆದರಿಕೆಯಿಂದ ಯಾರೂ ತಪ್ಪಿಸಿಕೊಳ್ಳಬೇಕಾಗಿಲ್ಲ.

ಮೇಷ್ಟ್ರು ಲಕೋಟೆಯ ಮೇಲೆ ಪೆನ್ನಿನಿಂದ ಏಳು ದಿನ ಮುಂದಿನ ತಾರೀಖು ಬರೆದುಕೊಂಡರು. ಆಮೇಲೆ ಆಪರೇಷನ್ ಮಾತಿಗೆ ಬಂದರು. “ಅಜ್ಜಿಗೆ ಅದೇ ಭಯ. ಎಳೆ ಕೈಗೆ ಕಂಬಿ ಹೊಡೀತಾರೆ, ಆಮೇಲೆ ಕೈ ಬೆಳೆಯಾದೇ ಇಲ್ಲ ಅಂತ.”

“ಕಂಬಿ ಅಲ್ಲ, ತಂತಿ. ಕೆ-ವೈರ್ ಅಂತೀವಿ. ಜರ್ಮನಿಯ ಕಿರ್ಶ್ನರ್ ಅನ್ನೋರು 1909ರಲ್ಲಿ ತಂದದ್ದು. ಒಂದೂವರೆ ಮಿಲಿಮೀಟರ್ ಆಸುಪಾಸಿನ ನುಣುಪು ತಂತಿ ಎರಡು. ಚೂರನ್ನ ಸರಿಯಾಗಿ ಜೋಡಿಸಿ, ಜಾರದ ಹಾಗೆ ಹಿಡಿದಿಡೋಕೆ ಮಾತ್ರ. ನುಣುಪು ತಂತಿ ಬೆಳೆಯೋ ಪದರ ದಾಟಿ ಹೋದರೂ ಕೆಲವು ವಾರದ ಮಟ್ಟಿಗೆ ಸಾಮಾನ್ಯವಾಗಿ ತೊಂದರೆ ಮಾಡಲ್ಲ. ಮೂಳೆ ಕೂಡಿಕೊಂಡಿದೆ ಅಂತ ಎಕ್ಸ್-ರೇಯಲ್ಲಿ ಕಂಡಮೇಲೆ, ನಾಲ್ಕರಿಂದ ಆರು ವಾರಕ್ಕೆ ತೆಗೆದುಬಿಡ್ತೀವಿ. ತುದಿ ಚರ್ಮದ ಹೊರಗೇ ಬಿಟ್ಟಿದ್ರೆ ತೆಗೆಯೋಕೆ ಮತ್ತೆ ಆಪರೇಷನ್ ಥಿಯೇಟರೂ ಬೇಡ. ಕೈ ಬೆಳವಣಿಗೆ ಕೆಡೋದು ತಂತಿ ಹಾಕಿದ್ದಕ್ಕಿಂತ ಹೆಚ್ಚಾಗಿ ಚೂರು ಜೋಡಿಸದೇ ಬಿಟ್ಟಿದ್ದಕ್ಕೆ.”

“ತಡ ಆದ್ರೆ?”

“ಮೂರು ವಾರ ದಾಟಿದ್ರೆ ಕೆಲಸ ಕಷ್ಟ. ಚೂರಿಗೆ ರಕ್ತ ಬರೋದು ಹಿಂಬದಿಯಿಂದ. ತಡವಾಗಿ ಬಿಡಿಸೋಕೆ ಹೋದ್ರೆ ಆ ರಕ್ತನಾಳ ಕೆಟ್ಟು ಮೂಳೆ ಸಾಯೋ ಅಪಾಯ ಇರುತ್ತೆ. ಹಾಗಂತ ತಡವಾದವರನ್ನ ವಾಪಸ್ ಕಳಿಸಲ್ಲ. ಆದ್ರೆ ಮೊದಲ ವಾರದಲ್ಲಿ ಆಗೋ ಕೆಲಸಕ್ಕೂ ಆಮೇಲಿಂದಕ್ಕೂ ಬಹಳ ವ್ಯತ್ಯಾಸ.”

ಅಜ್ಜಿಯ ಕಟ್ಟಿನ ವಿಷಯ ಎತ್ತುವಾಗ ಮೇಷ್ಟ್ರ ದನಿಯಲ್ಲಿ ಅಳುಕಿತ್ತು. ಆಂಧ್ರದ ಪುತ್ತೂರಿನ ಹೆಸರು ಹೇಳಿಕೊಳ್ಳುವ ಬೋರ್ಡುಗಳು ಹಳೇ ಮೈಸೂರಿನ ಊರುಗಳಲ್ಲಿ ಕಾಣಸಿಗುತ್ತವೆ. ಬಿದಿರು ದಬ್ಬೆ, ಬಟ್ಟೆ, ಮೊಟ್ಟೆಯ ಬಿಳಿ, ಸೊಪ್ಪಿನ ರಸ ಹಾಕಿ ಕಟ್ಟುವವರು ಹಳ್ಳಿಗಳಲ್ಲೂ ಇದ್ದಾರೆ. ಅವರು ಮನುಷ್ಯರನ್ನು ಮಾತಾಡಿಸುತ್ತಾರೆ, ಕಾಯಿಸುವುದಿಲ್ಲ, ಖರ್ಚು ಕಡಿಮೆ. ಜನ ಅಲ್ಲಿಗೆ ಹೋಗುವುದಕ್ಕೆ ಕಾರಣಗಳಿವೆ.

“ಅವರನ್ನ ನಾನು ಬೈಯೋದಿಲ್ಲ,” ಎಂದರು ವೈದ್ಯೆ. “ಎರಡು ವರ್ಷದ ಮಗುವಿನ ಕೈ ಹಿಡಿದು ದೊಡ್ಡವರು ಮೇಲಕ್ಕೆ ಎಳೆದುಬಿಡ್ತಾರೆ, ಮಗು ಕೈ ಆಡಿಸೋದೇ ನಿಲ್ಲಿಸುತ್ತೆ. ಅದು ಮುರಿತ ಅಲ್ಲ, ರೇಡಿಯಸ್ ತಲೆ ತನ್ನ ಉಂಗುರದಿಂದ ಸ್ವಲ್ಪ ಜಾರಿರುತ್ತೆ. ಅಂಗೈ ತಿರುಗಿಸಿ ಮೊಣಕೈ ಮಡಚಿದ್ರೆ ಟಕ್ ಅಂತ ಕೂರುತ್ತೆ, ಐದತ್ತು ನಿಮಿಷದಲ್ಲಿ ಮಗು ಆಟಕ್ಕೆ ಓಡುತ್ತೆ. ಇದನ್ನ ನಾಟಿ ವೈದ್ಯರು ತಲೆತಲಾಂತರದಿಂದ ಚೆನ್ನಾಗೇ ಮಾಡ್ಕೊಂಡು ಬಂದಿದ್ದಾರೆ. ಆದ್ರೆ ಅದರಲ್ಲಿ ಊತ ಇರಲ್ಲ. ಊತ ಇದ್ರೆ ಅದು ಬೇರೆ. ಬಿದ್ದು ಊದಿಕೊಂಡ ಕೈಯನ್ನ ನೀವಬಾರದು, ಎಳೀಬಾರದು, ಬಿಗಿಯಾಗಿ ಕಟ್ಟಬಾರದು.”

ಬಿಗಿ ಕಟ್ಟು ಮಾಡುವ ಅನಾಹುತವನ್ನು ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಊದಿಕೊಳ್ಳುತ್ತಿರುವ ಮುಂಗೈಯನ್ನು ಬಿಗಿದರೆ ರಕ್ತ ಓಡಾಡಲು ಜಾಗವಿಲ್ಲದೆ ಒಳಗಿನ ಸ್ನಾಯು ಸಾಯುತ್ತದೆ. ಸತ್ತ ಸ್ನಾಯು ಒಣಗಿ ಗಟ್ಟಿಯಾಗಿ ಬೆರಳುಗಳನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಆ ಕೈ ಮತ್ತೆ ತೆರೆದುಕೊಳ್ಳುವುದಿಲ್ಲ. ಇದಕ್ಕೆ ವಾರಗಳು ಬೇಕಿಲ್ಲ, ಸುಮಾರು ಆರು ಗಂಟೆ ಸಾಕು. ಭಾರತದ ಮೂಳೆ ವೈದ್ಯರು ಬಿಗಿ ಕಟ್ಟಿನಿಂದಾದ ಇಂಥ ಕೈಗಳ ಬಗ್ಗೆ, ಕೊಳೆತು ಕತ್ತರಿಸಬೇಕಾಗಿ ಬಂದ ಕೈಗಳ ಬಗ್ಗೆ ದಶಕಗಳಿಂದ ಬರೆಯುತ್ತಲೇ ಬಂದಿದ್ದಾರೆ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಆಗುವುದು ಇದೇ. ಮೊದಲ ದಿನಗಳಲ್ಲಿ ಸುತ್ತಲೂ ಮುಚ್ಚದ ಸ್ಲ್ಯಾಬ್ ಹಾಕುವುದು ಇದೇ ಕಾರಣಕ್ಕೆ.

ಈ ಎಚ್ಚರಿಕೆ ನಮ್ಮ ನಾಡಿನ ಹಳೆಯ ವಿದ್ಯೆಗೆ ಹೊರಗಿನದಲ್ಲ. ಸುಶ್ರುತ ಸಂಹಿತೆಯ ಮುರಿತದ ಚಿಕಿತ್ಸೆಯ ಭಾಗದಲ್ಲಿ ಕಟ್ಟು ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಊತ, ನೋವು, ಕೀವು ಎಂದು ಹೇಳಿ ಹದವಾದ ಕಟ್ಟನ್ನೇ ವಿಧಿಸಿದೆ. ತಂಪು ಕಾಲದಲ್ಲಿ ಏಳು ದಿನಕ್ಕೊಮ್ಮೆ, ಹದ ಕಾಲದಲ್ಲಿ ಐದು ದಿನಕ್ಕೊಮ್ಮೆ, ಸೆಕೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂದೂ ಇದೆ. ಎಳೆಮೂಳೆ ಬಾಗುತ್ತದೆ, ನಳಿಕೆಯಂಥ ಮೂಳೆ ಮುರಿಯುತ್ತದೆ ಎಂಬ ಭೇದವನ್ನೂ ಆ ಗ್ರಂಥ ಗುರುತಿಸಿದೆ. ಅಜ್ಜಿಗೆ ಹೇಳಲು ಇದು ಒಳ್ಳೆಯ ಮಾತು ಎಂದು ಮೇಷ್ಟ್ರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

“ಬಿಗಿ ಆಗದೆ ಅಂತ ಮನೇಲಿ ಗೊತ್ತಾಗಾದು ಹೆಂಗೆ?”

“ನೋವು ಇಳಿಯೋದರ ಬದಲು ಏರುತ್ತೆ. ಮಾತ್ರೆ ಕೊಟ್ಟರೂ ಮಗು ಸುಮ್ಮನಾಗಲ್ಲ, ಚಡಪಡಿಸುತ್ತೆ. ಬೆರಳನ್ನ ಮೆಲ್ಲಗೆ ನೆಟ್ಟಗೆ ಮಾಡಿದ್ರೆ ಕಿರುಚುತ್ತೆ. ಬೆರಳು ಬೆಳ್ಳಗೋ ನೀಲಿಗೋ ತಿರುಗುತ್ತೆ, ತಣ್ಣಗಾಗುತ್ತೆ. ಇದರಲ್ಲಿ ಒಂದು ಕಂಡ್ರೂ ರಾತ್ರಿ ಎಷ್ಟೊತ್ತಾಗಿದ್ರೂ ಬರಬೇಕು. ದಾರಿಯಲ್ಲೇ ಬ್ಯಾಂಡೇಜ್ ಸಡಿಲ ಮಾಡಿದ್ರೂ ಸರಿ. ನರ ಸರಿ ಇದೆಯಾ ನೋಡೋಕೆ ಮಕ್ಕಳ ಜೊತೆ ಕಲ್ಲು-ಕಾಗದ-ಕತ್ತರಿ ಆಡಿಸ್ತೀನಿ. ಮುಷ್ಟಿ ಕಟ್ಟಿದ್ರೆ ಒಂದು ನರ, ಅಂಗೈ ಬಿಡಿಸಿದ್ರೆ ಇನ್ನೊಂದು, ಎರಡು ಬೆರಳು ಕತ್ತರಿ ಮಾಡಿದ್ರೆ ಮತ್ತೊಂದು. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡೋಕೂ ಹೇಳ್ತೀನಿ. ಅಳ್ತಿರೋ ಮಗೂನೂ ಆಡುತ್ತೆ.”

ಮೇಷ್ಟ್ರು ಅಲ್ಲೇ ತಮ್ಮ ಕೈಯಲ್ಲಿ ನಾಲ್ಕನ್ನೂ ಮಾಡಿ ನೋಡಿದರು. ಶಾಲೆಗಳಿಗೆ ಬೇಕಾದದ್ದು ಬಿದ್ದ ಮೊದಲ ಅರ್ಧ ಗಂಟೆಯ ವಿವರ ಎಂದು ಕೇಳಿದರು. ವೈದ್ಯೆ ಹೇಳಿದ್ದಿಷ್ಟು: ಕೈ ಹೇಗಿದೆಯೋ ಹಾಗೇ ಇರಲಿ, ನೆಟ್ಟಗೆ ಮಾಡಲು ಹೋಗಬೇಡಿ. ಮಡಚಿದ ಪೇಪರ್ ಅಥವಾ ರಟ್ಟನ್ನು ಆಸರೆಗೆ ಇಟ್ಟು ಟವೆಲ್ಲಿನಲ್ಲಿ ಕುತ್ತಿಗೆಗೆ ಜೋಲಿ ಕಟ್ಟಿ. ಬಳೆ, ಬೆಳ್ಳಿ ಕಡಗ, ದೃಷ್ಟಿದಾರ ಊತ ಏರುವ ಮೊದಲೇ ತೆಗೆಯಿರಿ. ಎಣ್ಣೆ ಬೇಡ. ಬಿದ್ದ ಮಗುವಿಗೆ ಸಕ್ಕರೆ ನೀರು, ಬನ್ನು, ಕಾಫಿ ಕೊಡುವ ಅಭ್ಯಾಸವೊಂದಿದೆ, ಅದೂ ಬೇಡ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡಲು ಆರು ಗಂಟೆ ಕಾಯಬೇಕಾಗುತ್ತದೆ. ಕೊನೆಗೆ ಏನನ್ನು ಎಷ್ಟು ಹೊತ್ತಿಗೆ ತಿಂದಿತ್ತು ಎಂಬುದನ್ನು ಬರೆದುಕೊಂಡು ಬನ್ನಿ.

“ಇನ್ನೂ ಚಿಕ್ಕ ಕೂಸುಗಳದ್ದು?”

“ಅದು ಇನ್ನೂ ಸೂಕ್ಷ್ಮ. ಎರಡು ಮೂರು ವರ್ಷದೊಳಗಿನ ಮಗುವಿಗೆ ಮೊಣಕೈ ಕೀಲು ತಪ್ಪೋದು ತೀರ ಅಪರೂಪ. ಫಿಲ್ಮ್ ನೋಡಿದಾಗ ಕೀಲು ತಪ್ಪಿದ ಹಾಗೆ ಕಂಡ್ರೆ, ಬಹುಮಟ್ಟಿಗೆ ತೋಳಿನ ಮೂಳೆಯ ಇಡೀ ಕೆಳತುದಿ ಬೆಳೆಯೋ ಪದರದಲ್ಲಿ ಬಿಟ್ಟುಕೊಂಡಿರುತ್ತೆ. ಕಷ್ಟದ ಹೆರಿಗೆಯಲ್ಲೂ ಆಗಬಹುದು. ಕೂಸು ಕೈ ಆಡಿಸ್ತಿಲ್ಲ ಅಂದ್ರೆ ನರಕ್ಕೆ ಪೆಟ್ಟಾಗಿದೆ ಅಂತಲೇ ಅಂದುಕೊಂಡು ಇದನ್ನ ಮರೆತುಬಿಡೋದುಂಟು. ಅಲ್ಲಿ ಸ್ಕ್ಯಾನ್ ನಮ್ಮ ಕಣ್ಣು. 'ಅಲ್ಟ್ರಾಸೌಂಡ್'ಗೆ ಎಳೆಮೂಳೆ ಕಾಣುತ್ತೆ, ಮಗುವಿಗೆ ಮಂಪರು ಕೊಡೋದೂ ಬೇಡ.” ಒಂದು ಕ್ಷಣ ತಡೆದು ಅವರು ಸೇರಿಸಿದರು. “ಕೈ ತಿರುಚಿದಾಗಲೂ ಹೀಗಾಗುತ್ತೆ. ಹೇಗಾಯ್ತು ಅಂತ ಮನೆಯವರು ಹೇಳೋ ಕತೆ ಪೆಟ್ಟಿಗೆ ಹೊಂದದೇ ಇದ್ರೆ ನಾವು ಕೇಳಲೇಬೇಕು. ಮಗುವಿಗೆ ಹೇಳೋಕೆ ಬಾಯಿಲ್ಲ. ಮಕ್ಕಳ ಸಹಾಯವಾಣಿ 1098 ಅಂತ ಅಂಗನವಾಡಿಯಲ್ಲೂ ಬರೆದಿರಬೇಕು.”

ಎಲ್ಲಿಗೆ ಹೋಗಬೇಕು ಎಂಬುದು ನಾಲ್ಕು ತಾಲ್ಲೂಕಿಗೂ ಒಂದೇ ರೀತಿ ಅಲ್ಲ. ಶ್ರೀರಂಗಪಟ್ಟಣದವರಿಗೆ ಮೈಸೂರು ಸುಮಾರು 15 ಕಿಲೋಮೀಟರ್, ಕೆ.ಆರ್. ಆಸ್ಪತ್ರೆಗೆ ಬಸ್ಸಿಗೆ ಬಸ್ಸು. ಪಾಂಡವಪುರದವರು ಮೈಸೂರಿಗೂ ಹೋಗಬಹುದು, ಮಂಡ್ಯದ ಮಿಮ್ಸ್‌ಗೂ ಹೋಗಬಹುದು. ನಾಗಮಂಗಲ ತಾಲ್ಲೂಕಿನಲ್ಲೇ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಿಂದ ಇದೆ. ಕಷ್ಟವೆಲ್ಲ ಕೆ.ಆರ್. ಪೇಟೆಯ ಒಳಹಳ್ಳಿಗಳಿಗೆ. ಮೈಸೂರು, ಮಂಡ್ಯ ಎರಡೂ ದೂರ. ಕಿಕ್ಕೇರಿ ಕಡೆಯವರಿಗೆ ಚನ್ನರಾಯಪಟ್ಟಣ ದಾಟಿ ಹಾಸನ. ಯಾವ ಊರಿನಿಂದಲಾದರೂ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಕ್ಸ್-ರೇ, ಸ್ಲ್ಯಾಬ್, ನಾಡಿ ಪರೀಕ್ಷೆ ಆಗಲಿ. ಆಪರೇಷನ್ ಬೇಕಾದರೆ ಚಿಕ್ಕ ಮಕ್ಕಳಿಗೆ ಅರಿವಳಿಕೆ ಕೊಡುವವರು ಮತ್ತು ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಸಿ-ಆರ್ಮ್ ಯಂತ್ರ ಎಲ್ಲಿವೆಯೋ ಅಲ್ಲಿಗೆ ಹೋಗಬೇಕು. ಫೋನಿನಲ್ಲಿ ಮೊದಲೇ ಕೇಳಿಕೊಂಡು ಹೊರಟರೆ ಅರ್ಧ ದಿನ ಉಳಿಯುತ್ತದೆ. ಬೆರಳು ತಣ್ಣಗಾಗಿದ್ದರೆ, ನಾಡಿ ಸಿಗದಿದ್ದರೆ ಬಸ್ಸು ಕಾಯದೆ 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ ಆ ಸೇವೆ 2008ರ ನವೆಂಬರ್ 1ರಿಂದ ನಡೆದುಬಂದಿದೆ. ಬಿಪಿಎಲ್ ಕಾರ್ಡಿನ ಮನೆಗಳು ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡರೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ತಿಳಿಯುತ್ತದೆ.

“ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮರಗಟ್ಟಿದಂಗಿರ್ತದಲ್ಲ, ಎಣ್ಣೆ ಹಚ್ಚಿ ನೀವಬೋದಾ?”

“ಬೇಡವೇ ಬೇಡ. ಮೊಣಕೈಯನ್ನ ನೀವಿ, ಬಲವಂತವಾಗಿ ಮಡಚಿದ್ರೆ ಸ್ನಾಯುವಿನೊಳಗೆ ಮೂಳೆ ಬೆಳೆದುಬಿಡಬಹುದು, ಆಮೇಲೆ ಕೈ ಶಾಶ್ವತವಾಗಿ ಬಿಗಿಯುತ್ತೆ. ಮಗು ತನ್ನ ಪಾಡಿಗೆ ತಾನು ಊಟ ಮಾಡಲಿ, ತಲೆ ಬಾಚಲಿ, ನೀರಾಟ ಆಡಲಿ. ತಿಂಗಳುಗಟ್ಟಲೆ ಹಿಡಿಯಬಹುದು, ಬಿಡುತ್ತೆ. ಹೊರಬದಿಯಲ್ಲಿ ಸಣ್ಣ ಗುಬ್ಬ ಉಳಿದ್ರೆ ಗಾಬರಿ ಬೇಡ. ಮರ ಹತ್ತೋದು, ಸೈಕಲ್ಲು ನಾನು ಹೇಳೋವರೆಗೆ ಇಲ್ಲ. ಆಮೇಲೂ ಒಂದೆರಡು ವರ್ಷ ಆಗಾಗ ತೋರಿಸಬೇಕು. ಪದರ ಒಂದು ಕಡೆ ಮುಚ್ಚಿಕೊಂಡ್ರೆ ಕೈ ಸೊಟ್ಟ ಆಗೋದು ನಿಧಾನವಾಗಿ ಗೊತ್ತಾಗುತ್ತೆ.”

ಎದ್ದು ಹೊರಡುವಾಗ ಮೇಷ್ಟ್ರಿಗೆ ಇನ್ನೊಬ್ಬರು ನೆನಪಾದರು. “ನಮ್ಮೂರಲ್ಲೇ ಒಬ್ಬ ಅವ್ನೆ. ಐದಾರು ವರ್ಷದವನಿದ್ದಾಗ ಬಿದ್ದು ಕಟ್ಟು ಹಾಕಿಸಿದ್ರು. ಕೈ ಮೊಣಕೈಯಿಂದ ಆಚೆಗೆ ಸೊಟ್ಟ. ಇಷ್ಟು ದಿನ ಗದ್ದೆ ಕೆಲಸ ಎಲ್ಲಾ ಮಾಡ್ತಿದ್ದ. ಈಗ ಒಂದು ವರ್ಷದಿಂದ ಕಿರುಬೆರಳು ಜೋಮು ಅಂತಾನೆ, ಕುಡುಗೋಲು ಜಾರ್ತದಂತೆ.”

“ವಯಸ್ಸೆಷ್ಟು?”

“ಇಪ್ಪತ್ತಾರೋ ಇಪ್ಪತ್ತೇಳೋ.”

“ಹೊರಗಂಟು ಕೂಡಿಕೊಳ್ಳದೇ ಉಳಿದಿರಬೇಕು. ಕೈ ಆಚೆಗೆ ವಾಲಿದ ಹಾಗೆಲ್ಲ ಒಳಬದಿಯಲ್ಲಿ ಹೋಗೋ ಅಲ್ನಾರ್ ನರ ಎಳೆದು ಸವೆಯುತ್ತೆ. ಪೆಟ್ಟಾಗಿ ಹತ್ತು ಇಪ್ಪತ್ತು ವರ್ಷದ ಮೇಲೆ ಕಾಣಿಸಿಕೊಳ್ಳೋ ಕಾಯಿಲೆ. ಪ್ಯಾರಿಸ್‌ನಲ್ಲಿದ್ದ ಪನಾಸ್ ಅನ್ನೋ ವೈದ್ಯರು 1878ರಲ್ಲೇ ಬರೆದಿದ್ದಾರೆ. ಜೋಮು ಒಂದು ವರ್ಷದ್ದು ಅಂದ್ರೆ ಇನ್ನೂ ಸಮಯ ಇದೆ. ನರವನ್ನ ಬಿಡಿಸಿ ಮುಂದಕ್ಕೆ ಕೂರಿಸಬಹುದು, ಬೇಕಾದ್ರೆ ಮೂಳೆಯನ್ನೂ ನೇರ ಮಾಡಬಹುದು. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಗುಳಿ ಬಿದ್ದಿದೆಯಾ?”

“ಗಮನಿಸಿಲ್ಲ ಡಾಕ್ಟ್ರಮ್ಮ.”

“ಗುಳಿ ಬೀಳೋದರೊಳಗೆ ಕರ್ಕೊಂಡು ಬನ್ನಿ. ಹುಡುಗ ಮಾತ್ರ ಮಧ್ಯಾಹ್ನದೊಳಗೆ ಬೇಕು, ಓರೆ ಎಕ್ಸ್-ರೇಗೆ. ಬೆಳಗ್ಗೆಯಿಂದ ಏನೇನು ತಿಂದಿದ್ದಾನೆ ಅಂತ ಅಜ್ಜಿಯನ್ನ ಕೇಳಿಕೊಂಡೇ ಬನ್ನಿ.”